ಬೂಸ್ಟಿನ ತಟ್ಟೆಯಾಚೆ ಇನ್ನೊಬ್ಬರಿದ್ದಾರೆ

ಆಂಟಿಬಯೋಟಿಕ್ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಮತ್ತು ಬೂಸ್ಟು ಹಿಡಿದ ಆ ತಟ್ಟೆ. ಪರಮಾಣುಗಳ ನಡುವೆ ಒಂದೊಂದೇ ಬಂಧ ಜೋಡಿಸಿ ಅಣು ಕಟ್ಟುವ ಸಿಂಥೆಟಿಕ್ ಕೆಮಿಸ್ಟ್‌ಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ.

ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕುಟುಂಬವನ್ನೇ ನೋಡಿ. ಮೊದಲನೆಯದು 1940ರ ದಶಕದಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿತು. ಆಮೇಲೆ ದಶಕಗಟ್ಟಲೆ ನಡೆದದ್ದು, ಬ್ಯಾಕ್ಟೀರಿಯಾ ಮಾಡಿಕೊಟ್ಟ ಅಣುವನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದುವ ಕೆಲಸ. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಬಂದದ್ದು ಹಾಗೆ. ಆದರೆ ಅಣು ಬಲು ನಾಜೂಕು, ಆಮ್ಲ ತಾಗಿದರೂ ಕ್ಷಾರ ತಾಗಿದರೂ ಕೆಡುತ್ತದೆ. ಅದರ ಕೆಲವು ಸ್ಥಾನಗಳಿಗೆ ಕೈ ಹಾಕುವಂತೆಯೇ ಇರಲಿಲ್ಲ.

2005ರಲ್ಲಿ ಹಾರ್ವರ್ಡ್‌ನ ಆಂಡ್ರೂ ಮೈಯರ್ಸ್ ತಂಡ ಬುಡದಿಂದಲೇ ಕಟ್ಟುವ ದಾರಿ ತೋರಿಸಿತು. ಬೆಂಜೋಯಿಕ್ ಆಮ್ಲದಿಂದ ಹೊರಟು ಒಂದು ತುಂಡು, ಬೇರೆಯಾಗಿ ಇನ್ನೊಂದು ತುಂಡು. ಕೊನೆಯ ಹೊತ್ತಿಗೆ ಎರಡನ್ನೂ ಬೆಸೆದರೆ ಅಣುವಿನ ನಡುವಿನ ಪರಮಾಣುಗಳ ಉಂಗುರ ತಾನೇ ಮೂಡುತ್ತದೆ. ಒಂದು ಕಡೆಯ ತುಂಡು ಬದಲಿಸಿದರೆ ಹೊಸ ಟೆಟ್ರಾಸೈಕ್ಲಿನ್! ಹಾಗೆ ಮಾಡಿದ ಸಾವಿರಾರು ಅಣುಗಳಲ್ಲಿ ಒಂದು, 7ನೇ ಸ್ಥಾನದಲ್ಲಿ ಫ್ಲೋರಿನ್ ಇರುವ ಎರಾವಾಸೈಕ್ಲಿನ್. 2018ರಲ್ಲಿ ಹೊಟ್ಟೆಯೊಳಗಿನ ಗಂಭೀರ ಸೋಂಕುಗಳಿಗೆಂದು ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಸಿಂಥೆಸಿಸ್ ಲ್ಯಾಬಿನಲ್ಲಿ ದಿನ ಕಳೆದವರಿಗೆ ಇದರ ಬೆಲೆ ಗೊತ್ತು. ಹತ್ತು ಹಂತಗಳಿದ್ದು ಪ್ರತಿ ಹಂತದಲ್ಲೂ ನೂರಕ್ಕೆ 80 ಇಳುವರಿ ಬಂದರೂ ಕೊನೆಗೆ ಕೈಗೆ ಉಳಿಯುವುದು ನೂರಕ್ಕೆ ಹೆಚ್ಚುಕಡಿಮೆ 11 ಪಾಲು. ಒಂಬತ್ತನೇ ಹಂತದಲ್ಲಿ ರಿಯಾಕ್ಷನ್ ಕೈಕೊಟ್ಟರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಗೆದ್ದ ಮೇಲೂ ಸೋಲು ಕಾದಿರುತ್ತದೆ, ಅದು ಮಾರುಕಟ್ಟೆಯಲ್ಲಿ. ಎರಾವಾಸೈಕ್ಲಿನ್ ತಂದ ಟೆಟ್ರಾಫೇಸ್ ಕಂಪನಿ ಎರಡೇ ವರ್ಷದಲ್ಲಿ ಇನ್ನೊಬ್ಬರ ಪಾಲಾಯಿತು. ಪ್ಲಾಜೋಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್‌ಗೆ ಅದೇ 2018ರಲ್ಲಿ ಅನುಮತಿ ಪಡೆದ ಅಕಾವೊಜೆನ್ ಕಂಪನಿ ಮರುವರ್ಷವೇ ದಿವಾಳಿ. ಕಾರಣ ಸರಳ, ಕ್ರೂರ ಕೂಡ. ಒಳ್ಳೆಯ ಹೊಸ ಆಂಟಿಬಯೋಟಿಕ್ಕನ್ನು ವೈದ್ಯರು ಕೊನೆಯ ಅಸ್ತ್ರವಾಗಿ ತೆಗೆದಿಡುತ್ತಾರೆ, ತೆಗೆದಿಡಲೇಬೇಕು. ಬಿಪಿ ಮಾತ್ರೆಯಂತೆ ಜೀವನಪೂರ್ತಿ ನುಂಗುವ ವಸ್ತುವೂ ಅಲ್ಲ. ಮಾರಾಟವೇ ಇಲ್ಲದಿದ್ದರೆ ಕಂಪನಿ ಉಳಿಯುವುದೆಲ್ಲಿಂದ? ಅತ್ತ ಔಷಧಕ್ಕೆ ಬಗ್ಗದ ಸೋಂಕಿನಿಂದಲೇ ನೇರವಾಗಿ ಸತ್ತವರು 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಎಂಬ ಅಂದಾಜಿದೆ.

ಇಂಗ್ಲೆಂಡ್ 2022ರಲ್ಲಿ ಎರಡು ಆಂಟಿಬಯೋಟಿಕ್‌ಗಳಿಗೆ ಬೇರೆ ಲೆಕ್ಕ ಹಾಕಿತು. ಎಷ್ಟು ಬಳಸಿದರೂ ಬಿಟ್ಟರೂ ವರ್ಷಕ್ಕಿಷ್ಟು ಎಂದು ಹಣ. ಬೆಂಕಿ ಬೀಳದಿದ್ದರೂ ಅಗ್ನಿಶಾಮಕ ದಳಕ್ಕೆ ಸಂಬಳ ಕೊಡುತ್ತೇವಲ್ಲ, ಹಾಗೆ. ಇದು ಎಲ್ಲ ದೇಶಗಳಲ್ಲೂ ಆಗಬೇಕೆಂಬುದು ನನ್ನ ಗಟ್ಟಿ ನಿಲುವು.

ಮೈಯರ್ಸ್ ಪ್ರಯೋಗಾಲಯ 2024ರಲ್ಲಿ ಕ್ರೆಸೊಮೈಸಿನ್ ಎಂಬ ಇನ್ನೊಂದು ಅಣು ಪ್ರಕಟಿಸಿದೆ. ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಸರಿಯಾಗಿ ಕೂರುವ ಆಕಾರವನ್ನು ಮೊದಲೇ ಬಿಗಿದು ಕಟ್ಟಿದ ಅಣು ಅದು. ಇಲಿಗಳಲ್ಲಿ ಸೋಂಕಿನ ವಿರುದ್ಧ ಕೆಲಸ ಮಾಡಿದೆ. ಅದು ಆಸ್ಪತ್ರೆ ತಲುಪುವ ಹೊತ್ತಿಗಾದರೂ ಕೊಳ್ಳುವ ವ್ಯವಸ್ಥೆ ಬದಲಾಗಿರಲಿ.