ವಾಸ್ಕೋದ ಮಳೆಯೂ ಅವ್ವನ ಸಂಡಿಗೆಯೂ

ಗದಗಿನ ನಮ್ಮ ಅವ್ವನ ಲೆಕ್ಕದಲ್ಲಿ ಗೋವಾ ಅಂದರೆ ಪರದೇಶ. ನಗಬೇಡಿ, 1961ರವರೆಗೆ ಅಲ್ಲಿ ಪೋರ್ಚುಗೀಸರೇ ಆಳುತ್ತಿದ್ದರು. ಈಗಲೂ ರೈಲು ಲೋಂಡಾ ದಾಟಿ ಘಟ್ಟ ಇಳಿಯಿತು ಅಂದರೆ ಮಳೆಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಕೆಲಸಕ್ಕೆ ಬರುವುದಿಲ್ಲ.

ನಾನಿರುವುದು ವಾಸ್ಕೋದಲ್ಲಿ. ಕೆಲಸ ವೆರ್ಣಾದಲ್ಲಿ. ಮಳೆಗಾಲದ ಬೆಳಿಗ್ಗೆ ಮನೆ ಮುಂದೆ ಧೋ ಅಂತ ಸುರಿಯುತ್ತಿರುತ್ತದೆ. ರೇನ್‌ಕೋಟ್ ಏರಿಸಿಕೊಂಡು ಸ್ಕೂಟರ್ ಹತ್ತಿದರೆ ದಾಬೋಳಿಯ ವಿಮಾನ ನಿಲ್ದಾಣದ ಹತ್ತಿರ ರಸ್ತೆ ಒಣ ಒಣ. ಒಳಗೆ ಬೆವರಿನ ಸ್ನಾನ. ಬಿಚ್ಚಿ ಡಿಕ್ಕಿಗೆ ಹಾಕಿದ್ದೇ ತಡ, ವೆರ್ಣಾದ ಏರಿನಲ್ಲಿ ಮತ್ತೆ ಶುರು. ಆಫೀಸಿಗೆ ಒಬ್ಬ ತೊಪ್ಪೆಯಾಗಿ ಬಂದರೆ ಇನ್ನೊಬ್ಬ ತಂಪು ಕನ್ನಡಕ ಹಾಕಿಕೊಂಡು ಬರುತ್ತಾನೆ. ಅರಬ್ಬಿ ಸಮುದ್ರದಿಂದ ಮೋಡಗಳು ಬಿಡಿಬಿಡಿ ಗುಂಪಾಗಿ ಬರುವುದರಿಂದ ಇಬ್ಬರೂ ಸುಳ್ಳುಗಾರರಲ್ಲ. ಮೊಬೈಲ್ ಮಾತ್ರ ಇಡೀ ತಾಲೂಕಿಗೆ ಒಂದೇ ಮೋಡದ ಚಿತ್ರ ತೋರಿಸಿ ಕೈ ತೊಳೆದುಕೊಳ್ಳುತ್ತದೆ.

ಹವಾಮಾನ ಇಲಾಖೆಯ ಲೆಕ್ಕ ಇನ್ನೂ ಮಜಾ. ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಮಾತ್ರ 'ಭಾರಿ ಮಳೆ'. 60 ಬಿದ್ದರೆ ಅದು ಸಾಧಾರಣ! ನಮ್ಮ ಹೊಲದಲ್ಲಿ 60 ಬಿದ್ದರೆ ಒಡ್ಡು ಒಡೆಯುತ್ತದೆ, ಊರವರೆಲ್ಲ ನೋಡಲು ಬರುತ್ತಾರೆ. ಗದಗಿನ ಇಡೀ ವರ್ಷದ ಮಳೆಯನ್ನು ಗೋವಾ ಜುಲೈ ಒಂದರಲ್ಲೇ ಸುರಿದು ಮುಗಿಸುತ್ತದೆ. ಇದನ್ನು ಅವ್ವನಿಗೆ ಹೇಳಿದರೆ ಅವಳು ನಂಬಿರಲಿಲ್ಲ.

2025ರ ಮೇ ತಿಂಗಳಲ್ಲಿ ಅವ್ವ ಬಂದಳು. ಮೇ ಅಂದರೆ ಗೋವಾದವರು ಮಳೆಗಾಲಕ್ಕೆ ದಾಸ್ತಾನು ಮಾಡುವ ಕಾಲ. ಅದಕ್ಕೆ ಪುರುಮೆಂತ್ ಅನ್ನುತ್ತಾರೆ. ಒಣಮೆಣಸು, ಕೋಕಂ ಸಿಪ್ಪೆ, ಒಣಮೀನು, ಎಲ್ಲ ತಾರಸಿಯ ಮೇಲೆ. ಅವ್ವನೂ ಸಂಡಿಗೆ ಹಿಟ್ಟು ಕಾಸಿದಳು. "ಈ ಬಿಸಲು ಸುಮ್ನ ಹಾಳಾಗಿ ಹೊಂಟೈತಲೋ ತಮ್ಮಾ" ಅಂದಳು. ತಾರಸಿಯ ಒಂದು ಮೂಲೆಯಲ್ಲಿ ಇವಳ ಸಂಡಿಗೆಯ ತಟ್ಟೆಗಳು, ಎದುರು ಮೂಲೆಯಲ್ಲಿ ಮೇಲಿನ ಮನೆ ಆಂಟಿಯ ಒಣಸಿಗಡಿ. ನಮ್ಮ ಅವ್ವ ಮೊಟ್ಟೆ ಒಡೆದ ಪಾತ್ರೆಯನ್ನೂ ಮುಟ್ಟದವಳು. ನಡುವೆ ಇಟ್ಟಿಗೆ ಇಟ್ಟು ಗಡಿ ಮಾಡಿಕೊಂಡಳು.

ಜೂನ್ ಮೊದಲ ವಾರ ಬರಬೇಕಾದ ಮುಂಗಾರು ಆ ವರ್ಷ ಮೇ ಕೊನೆಯಲ್ಲೇ ಬಂತು. ಗುಡುಗಿಲ್ಲ, ಮಿಂಚಿಲ್ಲ. ಸಮುದ್ರದ ಕಡೆ ಕಪ್ಪಾಯಿತು ಅನ್ನುವಷ್ಟರಲ್ಲಿ ತಾರಸಿಯ ತುಂಬ ನೀರು. ಕಟ್ಟಡದ ಅಷ್ಟೂ ಜನ ಮೇಲೆ ಓಡಿದೆವು. ಯಾರ ಕೈಗೆ ಯಾವುದು ಸಿಕ್ಕಿತೋ ಅದನ್ನು ಎತ್ತಿಕೊಂಡು, ಯಾವ ಬಾಗಿಲು ತೆರೆದಿತ್ತೋ ಅಲ್ಲಿಗೆ ನುಗ್ಗಿದರು.

ಐದು ನಿಮಿಷದಲ್ಲಿ ಮಳೆ ನಿಂತು ಬಿಸಿಲು ಬಂತು. ನಮ್ಮ ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ಒಂದು ಮೊರ ಸಿಗಡಿ ಇತ್ತು.

ಅವ್ವ ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಮೇಲೆ ಕೂತಳು. ಊದಿನಕಡ್ಡಿ ಹಚ್ಚುವವರೆಗೆ ಒಳಗೆ ಬರಲಿಲ್ಲ. "ನನ್ನ ಸಂಡಗಿ ಎಲ್ಲಿ ಹೋತು?" ಅಂತ ಅಲ್ಲಿಂದಲೇ ವಿಚಾರಣೆ.

ಸಂಡಿಗೆ ಆಂಟಿಯ ಅಡಿಗೆಮನೆ ಸೇರಿತ್ತು. ನಾನು ಮೊರ ಹಿಡಿದು ಹೋದಾಗ ಆಂಟಿ ಅದನ್ನು ಎಣ್ಣೆಗೆ ಬಿಡುತ್ತಿದ್ದರು. ಅರೆಒಣ ಸಂಡಿಗೆ ಎಣ್ಣೆಗೆ ಬಿದ್ದರೆ ಏನಾಗುತ್ತದೆ ಅಂತ ಬಲ್ಲವರಿಗೆ ಗೊತ್ತು. ಆಂಟಿ ಪಾತ್ರೆಯ ಮುಚ್ಚಳವನ್ನು ಗುರಾಣಿಯಾಗಿ ಹಿಡಿದು ಯುದ್ಧ ಮಾಡುತ್ತಿದ್ದರು. ಅಷ್ಟಾದರೂ ಖುಷಿಯೋ ಖುಷಿ. ಬಂಗುಡೆ ಮೀನಿನ ಸಾರಿನ ಜೊತೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲವಂತೆ, ನಿಮ್ಮಮ್ಮನಿಗೆ ಹೇಳು ಅಂದರು.

ಅವ್ವನಿಗೆ ಹೇಳಿದೆ. ಅನ್ನ ಸಾರಿನ ಜೊತೆ ಭಾಳ ಚಲೋ ಇತ್ತಂತವ್ವಾ, ಅಂದೆ. ಯಾವ ಸಾರು ಅಂತ ಅವಳು ಕೇಳಲಿಲ್ಲ.

ಆಮೇಲೆ ಗದಗಿನಿಂದ ಸಂಡಿಗೆ ಒಣಗಿಸಿಕೊಂಡೇ ಬರುತ್ತಾಳೆ. ಆಂಟಿಗೊಂದು ಡಬ್ಬಿ ಬೇರೆ. "ಪಾಪ, ಸಾರಿಗೆ ಹಚ್ಚಿಕೊಂಡು ತಿಂತಾಳ" ಅನ್ನುತ್ತಾಳೆ.