ಬಾಯಿ ತೆರೆಸುವ ಮೊದಲು ನಾಲ್ಕು ಮಾತು ಆಡಿ

ಹಲ್ಲಿನ ಡಾಕ್ಟರ ಕೆಲಸ ಚೆನ್ನಾಗಿ ಆಯಿತೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು? ಹಲ್ಲಿನ ಬೇರಿನ ತುದಿಯವರೆಗೆ ಸ್ವಚ್ಛ ಮಾಡಿ ತುಂಬಿದ್ದಾರಾ ಅನ್ನುವುದು ಎಕ್ಸ್‌ರೇ ಓದಲು ಬರುವವರಿಗೇ ಗೊತ್ತು. ನಾವು ನೋಡುವುದೇ ಬೇರೆ. ಏನು ಮಾಡುತ್ತೇವೆ ಅಂತ ಮೊದಲೇ ಹೇಳಿದರಾ? ನೋವಾದಾಗ ನಿಲ್ಲಿಸಿದರಾ? ದುಡ್ಡಿನ ಮಾತು ಕುರ್ಚಿ ಹತ್ತುವ ಮೊದಲು ಬಂತಾ, ಇಳಿದ ಮೇಲಾ? ನಮ್ಮ ಹುಬ್ಬಳ್ಳಿಯಲ್ಲಿ "ಆ ದವಾಖಾನಿ ಛಲೋ ಐತಿ" ಅಂತ ಬಾಯಿಂದ ಬಾಯಿಗೆ ಹೋಗುವುದು ಇದನ್ನೆಲ್ಲ ನೋಡಿಯೇ.

ಅವ್ವನಿಗೆ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್, ಅಂದರೆ ಬೇರಿನ ಒಳಗೆ ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ, ಆಗಬೇಕಿತ್ತು. ಮೊದಲು ಹೋದ ಕಡೆ ಮರಗಟ್ಟಿಸುವ ಸೂಜಿ ಚುಚ್ಚಿದ ತಕ್ಷಣ ಡಾಕ್ಟರು ಡ್ರಿಲ್ ಹಿಡಿದರು. ಅವ್ವ ನರಳಿದಳು. "ಸೂಜಿ ಕೊಟ್ಟೇವಲ್ರೀ, ನೋವು ಹ್ಯಾಂಗ ಆಗ್ತದ?" ಅಂತ ಗದರಿದರು. ಆದರೆ ಕೆಳದವಡೆ ಮರಗಟ್ಟಲು ಒಂದಷ್ಟು ಹೊತ್ತು ಬೇಕು. ಸೋಂಕಾದ ಹಲ್ಲಿಗಂತೂ ಆ ಮದ್ದು ಸರಿಯಾಗಿ ಹತ್ತುವುದೇ ಕಷ್ಟ. ಅವ್ವ ಸುಮ್ನೆ ನರಳಿದ್ದಲ್ಲ.

ಆಮೇಲೆ ಬೇರೆ ಕಡೆ ಹೋದೆವು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. "ನೋವಾದ್ರ ಎಡಗೈ ಎತ್ರೀ ಅಮ್ಮಾರ, ನಾ ಅಲ್ಲೇ ನಿಲ್ಲಸ್ತೀನಿ" ಅಂದರು. ಅವ್ವ ಕೈ ಎತ್ತಿದಳು. ಡ್ರಿಲ್ ನಿಂತೇಬಿಟ್ಟಿತು! ಇನ್ನೊಂದಿಷ್ಟು ಮದ್ದು ಕೊಟ್ಟು, "ತುಟಿ ದಪ್ಪ ಆದಂಗ ಅನಸ್ತದೇನ್ರಿ?" ಅಂತ ಕೇಳಿ, ಅವಳು ಹೂಂ ಅನ್ನುವವರೆಗೆ ಕಾದರು. ಸೆರಗು ಬಿಗಿಹಿಡಿದಿದ್ದ ಅವಳ ಕೈ ಆಗ ಸಡಿಲಾಯಿತು.

ಅಮೆರಿಕದ ನಾರ್ಮನ್ ಕೋರಾ ಮತ್ತು ಜೊತೆಯವರು ಹಲ್ಲಿನ ಚಿಕಿತ್ಸೆ ಪಡೆದವರ ಸಮಾಧಾನ ಅಳೆಯಲು 1984ರಲ್ಲೇ 10 ಪ್ರಶ್ನೆಗಳ ಪಟ್ಟಿ ಮಾಡಿದ್ದರು. ಡಾಕ್ಟರ ಕೈಗುಣ ಅದರಲ್ಲಿ ಮೂರರಲ್ಲಿ ಒಂದು ಭಾಗ ಅಷ್ಟೇ. ತಿಳಿಸಿ ಹೇಳುವುದು ಒಂದು ಭಾಗ, ರೋಗಿಯನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು.

ಕಾಯುವ ವಿಷಯವೂ ಹಾಗೇ. ಡೆಂಟಲ್ ಕಾಲೇಜಿನ ಆಸ್ಪತ್ರೆಯಲ್ಲಿ ಕಲಿಯುವ ಹುಡುಗರು ಕೆಲಸ ಮಾಡುತ್ತಾರೆ, ಹಂತ ಹಂತಕ್ಕೂ ಮೇಷ್ಟ್ರು ಬಂದು ನೋಡಬೇಕು. ಹೊತ್ತು ಹಿಡಿದೇ ಹಿಡಿಯುತ್ತದೆ. ಇದನ್ನು ಮೊದಲೇ ಹೇಳಿದರೆ ಜನ ಕಾಯುತ್ತಾರೆ ರೀ.

ನನಗೆ ಜಾಸ್ತಿ ಸಂಕಟ ಆಗುವುದು ಮುಂಡರಗಿ ಕಡೆಯ ಮಕ್ಕಳನ್ನು ನೆನೆದಾಗ. ಗದಗ ಜಿಲ್ಲೆಯ ಆ ಭಾಗದ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ಹಲ್ಲು ದವಡೆಯೊಳಗೆ ಬೆಳೆಯುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಂದು ಕಲೆ ಕೂರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಂಥ ಹುಡುಗಿಯೊಬ್ಬಳಿಗೆ ಡಾಕ್ಟರು ಎಲ್ಲರೆದುರು "ಹಲ್ಲು ತಿಕ್ಕೂದಿಲ್ಲೇನು?" ಅಂತ ಕೇಳಿದರೆ ಹೇಗಾಗಬೇಕು? ಅವಳು ಮತ್ತೆ ಆ ದವಾಖಾನಿ ಮೆಟ್ಟಿಲು ಹತ್ತುತ್ತಾಳಾ?

ಇದನ್ನು ಓದುತ್ತಿರುವ ಹಲ್ಲಿನ ಡಾಕ್ಟರುಗಳಲ್ಲಿ ಒಂದು ವಿನಂತಿ. ಗದಗ, ಹಾವೇರಿಯಿಂದ ಕೂಲಿ ಬಿಟ್ಟು ಬಸ್ ಹತ್ತಿ ಬರುವವರಿದ್ದಾರೆ. ಎಷ್ಟು ಸಲ ಬರಬೇಕು, ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ಸೇರಿ ಒಟ್ಟು ಖರ್ಚು ಎಷ್ಟಾಗುತ್ತದೆ, ಮೊದಲ ದಿನವೇ ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡಿ.