ಕನ್ವಲ್ಯೂಷನ್: ಮೊದಲು ಕೈಲೆಕ್ಕ, ಆಮೇಲೆ ಕಂಪ್ಯೂಟರ್

ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕಲಿಸುವ ಎರಡು ರೀತಿಗಳು ಹೊರನಾಡಿನಲ್ಲಿರುವ ಕನ್ನಡಿಗರ ಕಣ್ಣಿಗೆ ಬೇಗ ಬೀಳುತ್ತವೆ. ಒಂದು, ನಾವು ಓದಿ ಬಂದದ್ದು: ಬೋರ್ಡಿನ ಮೇಲೆ ವ್ಯಾಖ್ಯೆ, ಪ್ರಾಪರ್ಟಿಗಳ ಸಾಧನೆ, ಟ್ರಾನ್ಸ್‌ಫಾರ್ಮ್ ಟೇಬಲ್, ಆಮೇಲೆ ಲೆಕ್ಕದ ಮೇಲೆ ಲೆಕ್ಕ. ಇನ್ನೊಂದು, ಮೊದಲ ವಾರವೇ ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್ ತೆರೆದು ಗ್ರಾಫ್ ಬರೆಸುವುದು. ಎರಡನೆಯದೇ ಮುಂದುವರಿದ ರೀತಿ, ಮೊದಲನೆಯದು ಬರೀ ಬಾಯಿಪಾಠ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೈಲೆಕ್ಕವನ್ನು ಬಿಡಲೇಬಾರದು. ನಾವು ಅದನ್ನು ತಪ್ಪು ಜಾಗದಿಂದ ಶುರು ಮಾಡುತ್ತೇವೆ, ತೊಂದರೆ ಇರುವುದು ಅಲ್ಲಿ.

ಕನ್ವಲ್ಯೂಷನ್ನನ್ನೇ ನೋಡಿ, ಅಂದರೆ ಇನ್‌ಪುಟ್‌ನಿಂದ ಸಿಸ್ಟಮ್ಮಿನ ಔಟ್‌ಪುಟ್ ಕಂಡುಹಿಡಿಯುವ ಲೆಕ್ಕ. ನಮ್ಮ ರೀತಿಯಲ್ಲಿ ಅದು ಇಂಟಿಗ್ರಲ್ ಆಗಿ ಬರುತ್ತದೆ: ತಿರುಗಿಸು, ಸರಿಸು, ಗುಣಿಸು, ಕೂಡು. ಯಾಕೆ ತಿರುಗಿಸಬೇಕು ಎಂದು ತಿಳಿಯುವ ಮೊದಲೇ ವಿದ್ಯಾರ್ಥಿ ಲಿಮಿಟ್‌ಗಳ ಗೋಜಲಿಗೆ ಸಿಕ್ಕಿಬಿದ್ದಿರುತ್ತಾನೆ. ಅದರ ಬದಲು ಬರೀ ಅಂಕಿಗಳಿಂದ ಶುರು ಮಾಡಿ. ಇನ್‌ಪುಟ್ 1, 2, 3. ಇಂಪಲ್ಸ್ ರೆಸ್ಪಾನ್ಸ್, ಅಂದರೆ ಒಂದೇ ಒಂದು 1 ಕೊಟ್ಟಾಗ ಸಿಸ್ಟಮ್ ಕೊಡುವ ಉತ್ತರ, 1, 1. ಇನ್‌ಪುಟ್‌ನ ಒಂದೊಂದು ಸ್ಯಾಂಪಲ್ಲೂ ಇಂಪಲ್ಸ್ ರೆಸ್ಪಾನ್ಸಿನ ಒಂದೊಂದು ಪ್ರತಿಯನ್ನು ಎಬ್ಬಿಸುತ್ತದೆ. ಮೊದಲನೆಯದರಿಂದ 1, 1. ಎರಡನೆಯದರಿಂದ ಒಂದು ಹೆಜ್ಜೆ ತಡವಾಗಿ 2, 2. ಮೂರನೆಯದರಿಂದ ಎರಡು ಹೆಜ್ಜೆ ತಡವಾಗಿ 3, 3. ಕೂಡಿದರೆ 1, 3, 5, 3. ಈಗ 5 ಎಲ್ಲಿಂದ ಬಂತು ಕೇಳಿ: ಈಗಷ್ಟೇ ಬಂದ 3ಕ್ಕೆ ರೆಸ್ಪಾನ್ಸಿನ ಮೊದಲ ಅಂಕಿ, ಹಿಂದೆ ಬಂದ 2ಕ್ಕೆ ಎರಡನೆಯ ಅಂಕಿ. ಹೊಸದಕ್ಕೆ ಮೊದಲನೆಯದು, ಹಳೆಯದಕ್ಕೆ ಮುಂದಿನದು. ತಿರುಗಿಸುವುದು ಎಂದರೆ ಇಷ್ಟೇ. ತಾಳೆ ನೋಡುವುದೂ ಸುಲಭ: ಉದ್ದ 3 + 2 − 1 = 4 ಇರಬೇಕು, ಉತ್ತರದ ಮೊತ್ತ 6 × 2 = 12 ಆಗಬೇಕು. ಹೀಗೆ ಹತ್ತು ಲೆಕ್ಕ ಮಾಡಿದವನಿಗೆ ಇಂಟಿಗ್ರಲ್ ಹೊಸದೇನೂ ಅನಿಸುವುದಿಲ್ಲ.

ಟೇಬಲ್ ನಂಬಿ ಕಲಿತವರು ಎಡವುವುದು ಆರ್‌ಒಸಿಯಲ್ಲಿ, ಅಂದರೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮಿನ ಇಂಟಿಗ್ರಲ್ ಒಂದು ಬೆಲೆಗೆ ಬಂದು ನಿಲ್ಲುವಂಥ ಎಸ್ (ಒಂದು ಕಾಂಪ್ಲೆಕ್ಸ್ ಸಂಖ್ಯೆ) ಇರುವ ಪ್ರದೇಶದಲ್ಲಿ. ಸೊನ್ನೆಯಿಂದ ಮುಂದಕ್ಕೆ ಇ^(−2ಟಿ)ಯಂತೆ ಕುಗ್ಗುತ್ತಾ ಹೋಗುವ ಎಕ್ಸ್‌ಪೊನೆನ್ಷಿಯಲ್‌ಗೂ, ಅದೇ ಎಕ್ಸ್‌ಪೊನೆನ್ಷಿಯಲ್ಲನ್ನು ಮೈನಸ್ ಚಿಹ್ನೆಯೊಂದಿಗೆ ಸೊನ್ನೆಯಿಂದ ಹಿಂದಕ್ಕೆ ಇಟ್ಟಾಗಲೂ ಲಾಪ್ಲಾಸ್ ಒಂದೇ: 1/(ಎಸ್ + 2). ಮೊದಲನೆಯದರ ಆರ್‌ಒಸಿ −2ರ ಬಲಕ್ಕೆ, ಎರಡನೆಯದರದು ಎಡಕ್ಕೆ. ಇಮ್ಯಾಜಿನರಿ ಅಕ್ಷ ಮೊದಲನೆಯದರೊಳಗೆ ಮಾತ್ರ ಬರುವುದರಿಂದ ಫೂರಿಯೆ ಟ್ರಾನ್ಸ್‌ಫಾರ್ಮ್ (ಆ ಅಕ್ಷದ ಮೇಲಿನ ಲಾಪ್ಲಾಸ್) ಇರುವುದೂ ಅದಕ್ಕೆ ಮಾತ್ರ. ಆರ್‌ಒಸಿ ಬರೆಯದ ಲಾಪ್ಲಾಸ್ ಉತ್ತರ ಅರ್ಧ ಉತ್ತರ. ಎಕ್ಸ್(2ಟಿ − 6) ಬಿಡಿಸುವಾಗಲೂ ಇಂಥದೇ ತಪ್ಪು: ಮೊದಲು 6 ಬಲಕ್ಕೆ ಸರಿಸಿ ಆಮೇಲೆ ಅರ್ಧಕ್ಕೆ ಕುಗ್ಗಿಸಬೇಕು, ಮೊದಲೇ ಕುಗ್ಗಿಸಿದರೆ ಸರಿಸಬೇಕಾದದ್ದು 3 ಮಾತ್ರ.

ಕಂಪ್ಯೂಟರ್ ಹಿಡಿದು ಕಲಿತವರ ತಪ್ಪುಗಳು ಬೇರೆ, ಮತ್ತು ನನ್ನ ಪ್ರಕಾರ ಹೆಚ್ಚು ಅಪಾಯದವು, ಯಾಕೆಂದರೆ ಗ್ರಾಫ್ ಚೆನ್ನಾಗಿಯೇ ಬಂದಿರುತ್ತದೆ. ಮೇಲಿನ ಲೆಕ್ಕವನ್ನೇ 3 ಪಾಯಿಂಟ್ ಎಫ್‌ಎಫ್‌ಟಿಯಿಂದ (ಸ್ಯಾಂಪಲ್‌ಗಳನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ವೇಗದ ಲೆಕ್ಕದಿಂದ) ಮಾಡಿಸಿದರೆ 4, 3, 5 ಬರುತ್ತದೆ. ಕೊನೆಯ 3 ಸುತ್ತಿಬಂದು ಮೊದಲ 1ಕ್ಕೆ ಸೇರಿಕೊಂಡಿರುತ್ತದೆ. ಎರಡಕ್ಕೂ ಸೊನ್ನೆ ಸೇರಿಸಿ 4ರ ಉದ್ದಕ್ಕೆ ತಂದರೆ ಸರಿಯಾಗುತ್ತದೆ. ಸೆಕೆಂಡಿಗೆ 1000ದಂತೆ ಒಂದು ಸೆಕೆಂಡ್ ಸ್ಯಾಂಪಲ್ ಮಾಡಿದ 50 ಹರ್ಟ್ಸ್, 1 ವೋಲ್ಟ್ ಆಂಪ್ಲಿಟ್ಯೂಡಿನ ಸೈನ್ ಎಫ್‌ಎಫ್‌ಟಿಯಲ್ಲಿ 500 ಎತ್ತರಕ್ಕೆ ನಿಲ್ಲುತ್ತದೆ. 500ರಿಂದ ಭಾಗಿಸಿದರೆ 1 ಸಿಗುತ್ತದೆ. ಅದೇ 50.5 ಹರ್ಟ್ಸ್ ಆದರೆ 50 ಮತ್ತು 51ರ ಬಿನ್‌ಗಳಲ್ಲಿ (ಎಫ್‌ಎಫ್‌ಟಿಯ ಫ್ರೀಕ್ವೆನ್ಸಿ ಮನೆಗಳಲ್ಲಿ) ಸುಮಾರು 0.64 ಮಾತ್ರ, ಉಳಿದದ್ದು ಅಕ್ಕಪಕ್ಕಕ್ಕೆಲ್ಲ ಸೋರಿಹೋಗಿರುತ್ತದೆ. 900 ಹರ್ಟ್ಸ್ ಕೊಟ್ಟರೆ 100 ಹರ್ಟ್ಸ್ ಆಗಿ ಕಾಣುತ್ತದೆ, ಆಮೇಲೆ ಯಾವ ಪ್ರೋಗ್ರಾಮಿನಿಂದಲೂ ಅದನ್ನು ನಿಜವಾದ 100 ಹರ್ಟ್ಸ್‌ನಿಂದ ಬೇರ್ಪಡಿಸಲಾಗದು. ಅದಕ್ಕೇ ಎಡಿಸಿಗೆ (ವೋಲ್ಟೇಜನ್ನು ಅಂಕಿಗಳಾಗಿಸುವ ಭಾಗಕ್ಕೆ) ಮುಂಚೆಯೇ, ಹೆಚ್ಚಿನ ಫ್ರೀಕ್ವೆನ್ಸಿ ತಡೆಯುವ ಅನಲಾಗ್ ಲೋ ಪಾಸ್ ಫಿಲ್ಟರ್ ಬೇಕು.

ಎರಡೂ ರೀತಿಗಳು ಮರೆಯುವುದು ಸ್ಕೋಪನ್ನು, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪನ್ನು. 1 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸಾಕು. ಎರಡನ್ನೂ ಸಾಲಾಗಿ ಜೋಡಿಸಿ 100 ಹರ್ಟ್ಸ್ ಸ್ಕ್ವೇರ್ ವೇವ್ ಕೊಡಿ, ಔಟ್‌ಪುಟ್ಟನ್ನು ಕೆಪಾಸಿಟರ್ ಮೇಲೆ ನೋಡಿ. ಅರ್ಧ ಆವರ್ತ 5 ಮಿಲಿಸೆಕೆಂಡ್, ಅಂದರೆ ಐದು ಟೈಮ್ ಕಾನ್‌ಸ್ಟಂಟ್ (ರೆಸಿಸ್ಟರ್ × ಕೆಪಾಸಿಟರ್ = 1 ಮಿಲಿಸೆಕೆಂಡ್), ಏರಿಕೆ ಹೆಚ್ಚುಕಡಿಮೆ ಪೂರ್ತಿ ಕಾಣುತ್ತದೆ. ಪ್ರತಿ ಜಿಗಿತದ 63 ಶೇಕಡಾ ಮುಟ್ಟುವ ಹೊತ್ತು 1ರ ಬದಲು 1.05 ಮಿಲಿಸೆಕೆಂಡ್ ಬಂದರೆ ಗಾಬರಿ ಬೇಡ, ಜನರೇಟರ್ ಒಳಗಿನ 50 ಓಮ್ ಅದಕ್ಕೆ ಕಾರಣ. ಜನರೇಟರ್ 50 ಓಮ್ ಲೋಡ್ ಎಂದು ಸೆಟ್ ಆಗಿದ್ದರೆ, ಲೋಡ್ ಇಲ್ಲದಾಗ ವೋಲ್ಟೇಜ್ ತೋರಿಸಿದ್ದಕ್ಕಿಂತ ಎರಡರಷ್ಟಿರುತ್ತದೆ. ಆದ್ದರಿಂದ ಇನ್‌ಪುಟ್ಟನ್ನೂ ಒಂದು ಚಾನೆಲ್‌ನಲ್ಲಿ ಅಳೆಯಲೇಬೇಕು. ಆಮೇಲೆ 1000 ಹರ್ಟ್ಸ್ ಸೈನ್. ಸ್ಕೋಪ್ ನೋಡುವ ಮೊದಲು ಕಾಗದದ ಮೇಲೆ ಉತ್ತರ ಬರೆದಿರಬೇಕು: ಔಟ್‌ಪುಟ್ ಇನ್‌ಪುಟ್‌ನ 0.157ರಷ್ಟು, 81 ಡಿಗ್ರಿ ಹಿಂದೆ, ಅಂದರೆ 0.225 ಮಿಲಿಸೆಕೆಂಡ್. ಯಾರಾದರೂ 0.707 ಬರೆದಿದ್ದರೆ ಹರ್ಟ್ಸನ್ನು 2πಯಿಂದ ಗುಣಿಸಲು ಮರೆತಿದ್ದಾರೆ ಎಂದೇ ಅರ್ಥ, 0.707 ಬರುವುದು 159 ಹರ್ಟ್ಸ್‌ನಲ್ಲಿ.

ಈ ಸರ್ಕ್ಯೂಟನ್ನು ಲಾಪ್ಲಾಸ್ ಪಾಠಕ್ಕಿಂತ ಮೊದಲೇ ಮಾಡಿಸಬೇಕೆಂದು ನನ್ನ ಆಗ್ರಹ. ಮುಂದೆ ಪೋಲ್ (ಲಾಪ್ಲಾಸ್ ಉತ್ತರದ ಛೇದ ಸೊನ್ನೆಯಾಗುವ ಎಸ್) −1000ದಲ್ಲಿದೆ ಎಂದು ಬೋರ್ಡಿನ ಮೇಲೆ ಬರೆದಾಗ, ಆ 1000 ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗುವುದಿಲ್ಲ. ಅದರ ತಲೆಕೆಳಗನ್ನು, ಒಂದು ಮಿಲಿಸೆಕೆಂಡನ್ನು, ಅವರೇ ಅಳೆದಿರುತ್ತಾರೆ.